ಕುಂಕುಮ ಇಟ್ಟ ಆರು ಡಬ್ಬಿಗಳು

ಕೈಲಾಂಚದ ಲತಾಮಣಿ ಬಿಡದಿ ಬಳಿಯ ನಮ್ಮ ಕಾರ್ಖಾನೆಗೆ ಟ್ರೈನಿಯಾಗಿ ಸೇರಿದ್ದು ೨೦೦೭ರಲ್ಲಿ. ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ. ಮನೆಯವರು ರೇಷ್ಮೆ ಸಾಕುವವರು. ಸೊಪ್ಪು ಕತ್ತರಿಸುವ ಕತ್ತಿಯಿಂದ ಹುಳು ಗೂಡು ಕಟ್ಟುವ ಚಂದ್ರಿಕೆಯವರೆಗೆ, ಅನ್ನ ಕೊಡುವ ಯಾವುದನ್ನೂ ಆಯುಧಪೂಜೆ ದಿನ ತೊಳೆದು ಕುಂಕುಮವಿಡದೆ ಬಿಟ್ಟವರಲ್ಲ.

ಮರುವರ್ಷದ ಪೂಜೆಗೆ ನಮ್ಮ ಮೆಷಿನ್ನುಗಳಿಗೆಲ್ಲ ಹೂವಿನ ಹಾರ ಬಿತ್ತು. ಸ್ಕ್ಯಾನರುಗಳಿಗೆ ನೆಟ್‌ವರ್ಕ್ ಕೊಡುವ, ಕಂಬಗಳ ಮೇಲಿನ ಆರು ವೈರ್‌ಲೆಸ್ ಡಬ್ಬಿಗಳನ್ನೂ ಲತಾಮಣಿ ಬಿಡಲಿಲ್ಲ. ಏಣಿ ಹತ್ತಿ ಬಿಚ್ಚಿ ತಂದಳು, ಬೆಂಚಿನ ಮೇಲೆ ಸಾಲಾಗಿಟ್ಟು ಕುಂಕುಮ ಬಳಿದಳು, ಸಂಜೆ ಮತ್ತೆ ಸಿಕ್ಕಿಸಿದಳು. ಏಣಿ ಹಿಡಿದವನು ಮುಕ್ತಿಯಾರ್, ಲಾರಿಗೆ ಹೋಗುವ ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡುವ ಗುತ್ತಿಗೆ ಕೆಲಸಗಾರ.

ಯಾವ ಸ್ಕ್ಯಾನರ್ ಯಾವ ಡಬ್ಬಿಯ ಹತ್ತಿರವಿದೆ ಎಂದು ತೋರಿಸುವ ಸಾಫ್ಟ್‌ವೇರ್ ನಮ್ಮಲ್ಲಿತ್ತು. ಪೂಜೆಯಾದ ಮೇಲೆ ಮೂರು ದಿನ ಕೆಲಸದ ಹೊತ್ತಿನಲ್ಲಿ ಅದು ಮುಕ್ತಿಯಾರನ ಸ್ಕ್ಯಾನರನ್ನು ಕ್ಯಾಂಟೀನಿನಲ್ಲಿ ತೋರಿಸಿತು. ಮ್ಯಾನೇಜರ್ ಜಯಕುಮಾರ್ ಅವನನ್ನು ಕರೆಸಿದರು.

"ಊಟಕ್ ಬುಟ್ರೆ ಆ ಕಡೆ ತಲೆನೇ ಹಾಕಿಲ್ಲ ಸಾರ್," ಎಂದ ಮುಕ್ತಿಯಾರ್.

"ಕಂಪ್ಯೂಟರ್ ಸುಳ್ಳು ಹೇಳ್ತದಾ? ನಾಳೆಯಿಂದ ಬರಬೇಡ."

ಮೂರು ದಿನವೂ ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಟಿದ್ದವು. ಅವನು ಲಾರಿ ಬಾಗಿಲಲ್ಲೇ ಸ್ಕ್ಯಾನ್ ಮಾಡುತ್ತಿದ್ದುದನ್ನು ಪಕ್ಕದ ಸ್ಟೋರ್ಸಿನಲ್ಲಿದ್ದ ನಾನು ಕಣ್ಣಾರೆ ನೋಡಿದ್ದೆ. ಆದರೂ ಬಾಯಿ ಬಿಡಲಿಲ್ಲ. ಈಗಲೂ ನಾಚಿಕೆಯಾಗುತ್ತದೆ.

ಲತಾಮಣಿಗೆ ಮಾತ್ರ ಸಮಾಧಾನವಾಗಲಿಲ್ಲ. ನನ್ನನ್ನು ಪರದೆಯ ಮುಂದೆ ಕೂರಿಸಿ, ತಾನು ಸ್ಕ್ಯಾನರ್ ಹಿಡಿದು ಲಾರಿ ಬಾಗಿಲಲ್ಲಿ ನಿಂತಳು. ಪರದೆ ಕ್ಯಾಂಟೀನ್ ಎಂದಿತು. ಕ್ಯಾಂಟೀನಿಗೆ ಹೋದಳು. ಲಾರಿ ಬಾಗಿಲು ಎಂದಿತು. ಆಮೇಲೆ ಏಣಿ ತರಿಸಿ ಹತ್ತಿದಳು. ಲಾರಿ ಬಾಗಿಲ ಡಬ್ಬಿಯ ಮೇಲಿನ ಕುಂಕುಮ ಒರೆಸಿದರೆ, ಅಡಿಯಲ್ಲಿದ್ದದ್ದು ಕ್ಯಾಂಟೀನ್ ಡಬ್ಬಿಯ ನಂಬರು. ಸಾಫ್ಟ್‌ವೇರ್ ಜಾಗದ ಹೆಸರು ಹಿಡಿಯುವುದು ಆ ನಂಬರಿನಿಂದ. ಡಬ್ಬಿ ಯಾವ ಕಂಬದಲ್ಲಿದೆ ಎಂಬುದು ಅದಕ್ಕೆ ತಿಳಿಯದು. ಅವಳು ಕೆಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮುಂದಿನ ತಿಂಗಳು ಅವಳ ಕೆಲಸ ಕಾಯಂ ಆಗುವುದಿತ್ತು.

"ಸುಮ್ನೆ ಬದಲಾಯಿಸ್ಬುಡು. ಸಾಫ್ಟ್‌ವೇರ್ ಕೆಟ್ಟಿತ್ತು ಅಂದ್ರಾಯ್ತು," ಎಂದೆ.

"ಅವ್ನು ಕೆಲ್ಸಕ್ಕೆ ಕಳ್ಳಬಿದ್ದ ಅನ್ನಿಸ್ಕಂಡಿದ್ದು ನನ್ನಿಂದ ಕಣಕ್ಕ," ಎಂದು ಸೀದಾ ಮ್ಯಾನೇಜರ್ ಕೋಣೆಗೆ ಹೋದಳು.

"ಡಬ್ಬಿ ಅದ್ಲುಬದ್ಲು ಮಾಡಿದ್ದು ನಾನೇ ಸಾರ್. ಅವ್ನು ಏಣಿ ಹಿಡ್ದಿದ್ದಷ್ಟೆ."

ಮರುದಿನ ಮುಕ್ತಿಯಾರ್ ಕೆಲಸಕ್ಕೆ ಬಂದ. ಲತಾಮಣಿ ಇನ್ನೊಂದು ವರ್ಷ ಟ್ರೈನಿಯಾಗಿಯೇ ಉಳಿದಳು. ಮನೆಯಲ್ಲಿ ಯಾಕೆಂದು ಹೇಳಲಿಲ್ಲ.

ಮುಂದಿನ ಆಯುಧಪೂಜೆಗೆ ಅವಳು ಕುಂಕುಮದ ಭರಣಿ ಹಿಡಿದು ಬಂದಾಗ ಏಣಿ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಮುಕ್ತಿಯಾರನೇ ಬಂದು ಹಿಡಿದ.

"ಅಲ್ಲೇ ಕುಂಕುಮ ಇಟ್ಬುಡಿ ಮೇಡಂ. ಕೆಳಗ್ ಮಾತ್ರ ಇಳಿಸ್ಬ್ಯಾಡಿ."

ಅವಳು ಒಂದೊಂದು ಡಬ್ಬಿಯ ಮೂಲೆಗೂ, ನಂಬರು ಮುಚ್ಚದ ಹಾಗೆ, ಚಿಕ್ಕ ಬೊಟ್ಟು ಇಟ್ಟಳು.