ಐದನೆಯ ಮುತ್ತೈದೆ

ಆ ಚಿತ್ರವನ್ನು ಮನೆಗೆ ತಂದವಳು ನಾನೇ, ಯಾರನ್ನೂ ದೂರುವ ಹಾಗಿಲ್ಲ. ಅಮೆರಿಕದ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಯಾರೋ ಮನೆಯ ಹಳೆ ಸಾಮಾನು ಮಾರುವ ಗರಾಜ್ ಸೇಲ್ ಇಟ್ಟಿದ್ದರು. ಮರದ ಅಚ್ಚಿನಿಂದ ಒತ್ತಿದ ಹಳೆಯ ಜಪಾನಿ ಚಿತ್ರ. ದಾರಿ ಬದಿಯ ಬಂಡೆಯ ಪಕ್ಕ ನಿಂತ ಹೆಂಗಸು ತನ್ನ ಕೂಸನ್ನು ದಾರಿಹೋಕನೊಬ್ಬನ ಕಡೆ ಚಾಚಿದ್ದಳು. ಅವಳ ಕಾಲು ಕಾಣುತ್ತಿರಲಿಲ್ಲ. ಬಣ್ಣ ಮಾಸಿರಬೇಕು ಅಂದುಕೊಂಡು ಹಾಸಿಗೆಯ ಎದುರಿನ ಗೋಡೆಗೆ ತೂಗುಹಾಕಿದೆ.

ಅದು 2004. ಹಿಂದಿನ ವರ್ಷ ಐದು ತಿಂಗಳಿಗೇ ಒಂದು ಮಗುವನ್ನು ಕಳೆದುಕೊಂಡಿದ್ದೆ. ಈ ಸಲ ಏಳು ತುಂಬಿತ್ತು. ಚಿತ್ರ ತಂದ ಮರುವಾರವೇ, ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದರು ಡಾಕ್ಟರು. ಮಗು ಒದೆಯುವುದನ್ನು ಎಣಿಸುತ್ತಾ ಬಿದ್ದಿರುವುದೇ ನನ್ನ ಕೆಲಸ. ಮೈಸೂರಿನಿಂದ ಅಮ್ಮ ಬಂದಿದ್ದಳು.

ಸೀಮಂತಕ್ಕೆ ಮಡಿಲು ತುಂಬಲು ಐದು ಜನ ಮುತ್ತೈದೆಯರು ಬೇಕು. ಬಂದದ್ದು ನಾಲ್ವರು. ಅಪ್ಪ ಹೋದಮೇಲೆ ಅಮ್ಮ ತನ್ನನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ.

"ಅಯ್ಯೋ, ಗೋಡೆ ಮೇಲೆ ಬಾಣಂತಿ ನಿಂತಿದಾಳಲ್ಲ, ಅವಳೇ ಐದನೆಯವಳು" ಅಂದಳು ಅಮ್ಮ. ಎಲ್ಲರೂ ನಕ್ಕರು. ಪಕ್ಕದ ಮನೆಯ ಆಂಟಿ ಚಿತ್ರದ ಗಾಜಿಗೆ ಕುಂಕುಮವಿಟ್ಟು, ತೆಂಗಿನಕಾಯಿಯನ್ನು ಅವಳ ಕೈಗೆ ಮುಟ್ಟಿಸಿ, ಅವಳ ಪರವಾಗಿ ನನ್ನ ಮಡಿಲಿಗೆ ಹಾಕಿದರು. ಕಾಯಿ ತಣ್ಣಗೆ ಕೊರೆಯುತ್ತಿತ್ತು.

ಮರುದಿನ ನನ್ನ ಲ್ಯಾಬಿನ ಜಪಾನಿ ಗೆಳತಿ ಕಿತ್ತಳೆ ಹಣ್ಣು ತಂದಳು. ಚಿತ್ರ ನೋಡಿದವಳು ಕೂರಲೇ ಇಲ್ಲ. ಜಪಾನಿನ ಒಂದು ಹಳೆಯ ಹೆದ್ದಾರಿಯ ತಂಗುದಾಣಗಳನ್ನು ಮೂವರು ಚಿತ್ರಕಾರರು ಹಂಚಿಕೊಂಡು ಬರೆದ ಸರಣಿಯಂತೆ ಅದು. ಒಂದೊಂದು ತಂಗುದಾಣಕ್ಕೂ ಅಲ್ಲಿಯದೇ ಕಥೆ. ಈ ಬಂಡೆಯ ಬಳಿ ಕಳ್ಳರು ತುಂಬು ಬಸುರಿಯೊಬ್ಬಳನ್ನು ಕೊಂದರಂತೆ. ಸತ್ತವಳು ತನ್ನ ಕೂಸನ್ನು ಯಾರಾದರೂ ಎತ್ತಿಕೊಳ್ಳಲಿ ಎಂದು ದಾರಿಯಲ್ಲಿ ಕಾಯುತ್ತಾಳಂತೆ. ಕಾಲು ಮಾಸಿದ್ದಲ್ಲ, ಚಿತ್ರಕಾರ ಬರೆದೇ ಇರಲಿಲ್ಲ; ಅವರಲ್ಲಿ ದೆವ್ವಗಳಿಗೆ ಕಾಲಿರುವುದಿಲ್ಲವಂತೆ.

ಅವಳು ಹೋದದ್ದೇ ತಡ, ಡಾಕ್ಟರ ಮಾತು ಮೀರಿ ಎದ್ದು, ಬಟ್ಟೆ ಹಿಡಿದು ಗಾಜನ್ನು ಉಜ್ಜಿದೆ. ಬಟ್ಟೆ ಬೆಳ್ಳಗೇ ಇತ್ತು. ಕುಂಕುಮ ಗಾಜಿನ ಒಳಗಡೆ ಇತ್ತು. ಹೇಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ಅಂದು ಮಧ್ಯಾಹ್ನ ಮಗು ಒದೆಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, ಜ್ಯೂಸ್ ಕುಡಿದು ಎಡಮಗ್ಗುಲಿಗೆ ಮಲಗಿ ಒಂದು ಗಂಟೆ ಎಣಿಸು, ಹತ್ತು ಆಗದಿದ್ದರೆ ತಕ್ಷಣ ಹೊರಟು ಬಾ ಅಂದರು. ಅರ್ಧ ಗಂಟೆ ಕಳೆಯಿತು. ಒಂದೂ ಇಲ್ಲ. ಎದುರಿಗೆ ಅವಳು ಕೂಸನ್ನು ಚಾಚಿಕೊಂಡೇ ನಿಂತಿದ್ದಳು. ಅಮ್ಮ ಬಾಗಿಲ ಹತ್ತಿರ ನಿಂತು ಸೆರಗು ಹಿಂಡುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಕಾಲಿಲ್ಲದ ದೆವ್ವ ನಿನಗೆ ಮುತ್ತೈದೆ ಆಗ್ತಾಳೆ, ಹೆತ್ತವಳು ನೀನು ಆಗಲ್ವಾ? ಇದ್ಯಾವ ಸೀಮೆ ಶಾಸ್ತ್ರ ಅಮ್ಮ? ಬಾ, ತುಂಬು ನನ್ನ ಮಡಿಲು!"

"ಬೇಡ ಕಣೇ. ನನ್ನ ಕೈ ತಾಗಿ ಏನಾದ್ರೂ ಆದ್ರೆ..."

"ಆಗೋದಕ್ಕೆ ಇನ್ನೇನು ಉಳಿದಿದೆ?"

ಅಮ್ಮ ಅಕ್ಕಿ ಡಬ್ಬ ತಂದಳು. ಮೊದಲ ಬೊಗಸೆಯಲ್ಲಿ ಅರ್ಧ ಅಕ್ಕಿ ಹಾಸಿಗೆಗೆ ಚೆಲ್ಲಿತು. ಎರಡನೆಯ ಬೊಗಸೆ ಹಾಕಿ, ತಡೆಯಲಾರದೆ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಆ ಅಂಗೈ ಅಡಿಯಲ್ಲೇ ಮಗು ಒದೆಯಿತು.

"ಒದೀತು ಕಣೇ!" ಅಂತ ಅಮ್ಮ ಗೊಳೋ ಅಂದಳು. ಇಬ್ಬರೂ ಅಳುತ್ತಲೇ ಹತ್ತರವರೆಗೆ ಎಣಿಸಿದೆವು.

ಚಿತ್ರವನ್ನು ಆಚೆ ಎಸೆದುಬಿಡು ಅಂದೆ. ಅಮ್ಮ ಎಸೆಯಲಿಲ್ಲ. ಹಾಸಿಗೆಗೆ ಚೆಲ್ಲಿದ್ದ ಅಕ್ಕಿಯನ್ನು ಬಳಿದು, ಚಿತ್ರದ ಕೆಳಗೆ ಇಟ್ಟಳು.

"ಇವಳಿಗೂ ಒಂದು ಹಿಡಿ ಇರಲಿ. ಇವಳ ಅಮ್ಮ ಎಲ್ಲಿದ್ದಳೋ, ಪಾಪ" ಅಂದಳು.