ನನ್ನ ಮೂರು ಬೆರಳು, ಮಾದಪ್ಪನ ಹತ್ತು

ಗರಗಸ ತಾಗಿದಾಗ ನೋವಾಗಲಿಲ್ಲ. ಕೈ ಝುಂ ಎಂದಿತು, ಅಷ್ಟೆ. ಬೆಲ್ಟು ಓಡುತ್ತಲೇ ಇತ್ತು. ಹಲಗೆಯ ಮೇಲಿನ ಕೆಂಪನ್ನು ಪೂಜೆಯ ಕುಂಕುಮ ಎಂದುಕೊಂಡೆ. ಆಮೇಲೆ ಕೈ ನೋಡಿದೆ.

ಬಲಗೈಯ ತೋರುಬೆರಳು ಇರಲಿಲ್ಲ.

ಪಕ್ಕದ ಎರಡು ಬೆರಳು ಸೀಳಿಹೋಗಿದ್ದವು. ಆ ಗಳಿಗೆಯಲ್ಲೂ ನನ್ನ ಕಣ್ಣು ಹೋದದ್ದು ಎದುರು ಬೆಂಚಿನ ಮಾದಪ್ಪನ ಕೈಗಳ ಮೇಲೆ. ಇವನಿಗೆ ಯಾಕೆ ಆಗಲಿಲ್ಲ ಎಂದು ಅನ್ನಿಸಿತು. ಬರೆಯಲು ನಾಚಿಕೆಯಾಗುತ್ತದೆ. ಆದರೆ ನಾಲ್ಕು ತಿಂಗಳು ಕಷ್ಟಪಟ್ಟು ಎಡಗೈಯಲ್ಲಿ ಅಕ್ಷರ ತಿದ್ದಿ ಬರೆಯುತ್ತಿರುವುದು ಸುಳ್ಳು ಬರೆಯಲಿಕ್ಕಲ್ಲ.

ಮಾದಪ್ಪ ನನ್ನ ಷಡ್ಡಕ, ನನ್ನ ಹೆಂಡತಿ ಕೆಂಪಮ್ಮನ ತಂಗಿಯ ಗಂಡ. ಹನಗೋಡಿನಲ್ಲಿ ಹೊಲ ಗೇಯುತ್ತಿದ್ದವನನ್ನು ಹುಣಸೂರಿನ ಮರ ಕುಯ್ಯುವ ಮಿಲ್ಲಿಗೆ ಸೇರಿಸಿದವನೇ ನಾನು. ಕಾಕನಕೋಟೆ ಕಾಡಿನಿಂದ ಬಂದ ದಿಮ್ಮಿಯನ್ನು ಚಕ್ರಕ್ಕೆ ಹೇಗೆ ಒಡ್ಡಬೇಕೆಂದು ಕೈ ಹಿಡಿದು ಕಲಿಸಿದೆ. ಎರಡೇ ವರ್ಷದಲ್ಲಿ ಯಜಮಾನರ ಬಾಯಲ್ಲಿ ಅವನದೇ ಹೆಸರು. ಹಲಗೆ ಅಂದರೆ ಮಾದಪ್ಪ ಕುಯ್ದ ಹಲಗೆ! ಕೇಳಿ ಕೇಳಿ ನನ್ನ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು.

ನಮ್ಮ ಮಿಲ್ಲಿನಲ್ಲಿ ಒಂದು ಪದ್ಧತಿಯಿತ್ತು. ಆಯುಧಪೂಜೆಯ ದಿನ ಗರಗಸದ ಚಕ್ರಗಳ ತಗಡಿನ ಮುಚ್ಚಳ ಬಿಚ್ಚಿ, ಚಕ್ರ ತೊಳೆದು, ವಿಭೂತಿ ಬಳಿದು ಕುಂಕುಮ ಇಡುತ್ತಿದ್ದೆವು. ಆ ಕುಂಕುಮ ತಾನಾಗಿಯೇ ಉದುರಿ ಹೋಗುವ ತನಕ ಮುಚ್ಚಳ ಹಾಕುವಂತಿರಲಿಲ್ಲ. ದೇವರ ಮುಖ ಮುಚ್ಚಬಾರದು ಎಂಬ ನಂಬಿಕೆ. ವರ್ಷ ವರ್ಷವೂ ವಾರಗಟ್ಟಲೆ ಬೋಳು ಚಕ್ರದ ಮುಂದೆಯೇ ಕೆಲಸ ಮಾಡಿದ್ದೇವೆ, ಯಾರಿಗೂ ಏನೂ ಆಗಿರಲಿಲ್ಲ. ಮೊದಲ ಕುಂಕುಮ ಇಡುವ ಮರ್ಯಾದೆ ಎಂಟು ವರ್ಷದಿಂದ ನನ್ನದಾಗಿತ್ತು. ಈ ಸಲ ಯಜಮಾನರು ತಟ್ಟೆಯನ್ನು ಮಾದಪ್ಪನ ಕೈಗೆ ಕೊಟ್ಟರು.

ಅವನು ಪೂಜೆ ಮುಗಿಸಿದವನೇ ಎಲ್ಲ ಬೆಂಚಿಗೂ ಮುಚ್ಚಳ ಹಾಕಿಬಿಟ್ಟ. ಮುಚ್ಚಳದ ಮೇಲೆಯೇ ಮತ್ತೆ ಕುಂಕುಮ ಇಟ್ಟ.

"ಮುಚ್ಳಕ್ಕಿಕ್ಕುದ್ರೂ ದ್ಯಾವ್ರಿಗೆ ಮುಟ್ತದೆ ಕಣಣ್ಣಯ್ಯ," ಅಂದ. "ಕೈ ಜಾರುದ್ರೆ ದ್ಯಾವ್ರು ಬಂದು ಇಡ್ಕಂಡಾನಾ?"

ಯಜಮಾನರು ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನನ್ನ ಬೆಂಚಿನ ಮುಚ್ಚಳ ನಾನೇ ಬಿಚ್ಚಿ ಮೂಲೆಗೆ ಎಸೆದೆ. ಮಾದಪ್ಪ ಬಂದು ನೋಡಿದ, "ಆಕ್ಬುಡಣ್ಣಯ್ಯ" ಎಂದು ಬೇಡಿಕೊಂಡ. ಅವನು ಹೇಳಿದ ಅನ್ನುವುದಕ್ಕೇ ನಾನು ಹಾಕಲಿಲ್ಲ. ಮಧ್ಯಾಹ್ನ ಚಕ್ರಕ್ಕೆ ಸಿಕ್ಕಿಕೊಂಡ ಮರದ ಸಿಬಿರನ್ನು ತೆಗೆಯಲು ಕೈ ಚಾಚಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಮಾದಪ್ಪ ತನ್ನ ಪಂಚೆ ಹರಿದು ಕೈಗೆ ಸುತ್ತಿ, "ಈಗ್ಲೇ ಆಸ್ಪತ್ರೆಗೆ ಓಗುವ ನಡಿ" ಎಂದು ಎಬ್ಬಿಸಿದ. ನಾನು ಬಟ್ಟೆ ಕಿತ್ತೆಸೆದು ಕಾಫಿಪುಡಿ ತರಿಸಿ ಗಾಯಕ್ಕೆ ತುಂಬಿಸಿಕೊಂಡು ಮನೆಗೆ ಹೋದೆ. ಐದು ದಿನ ಮಲಗಿದೆ. ಕೈ ಕುಂಬಳಕಾಯಿಯಂತೆ ಊದಿ ನಾರತೊಡಗಿದ ಮೇಲೆ, ಅವನೇ ನನ್ನನ್ನು ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಮಲಗಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರು ಗಾಯ ತೊಳೆಯುತ್ತ ಕೇಳಿದರು. "ಕಾಫಿಪುಡಿ ಯಾರಯ್ಯಾ ಹಾಕಿದ್ದು? ಅವತ್ತೇ ಬಂದಿದ್ದರೆ ಈ ಎರಡು ಬೆರಳು ಉಳೀತಿತ್ತು. ಸೆಪ್ಟಿಕ್ ಆಗಿದೆ. ಆಪರೇಷನ್ ಮಾಡಬೇಕು."

ಕ್ಲೋರೋಫಾರಂ ಕೊಟ್ಟರು. ಎಚ್ಚರವಾದಾಗ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿದ್ದವು.

ವಾರ್ಡಿನಲ್ಲಿ ಕಂಡವರ ಕೈಯನ್ನೆಲ್ಲ ಕಂಡು ಕರುಬಿದೆ. ಬ್ಯಾಂಡೇಜ್ ಸುತ್ತುವ ನರ್ಸಮ್ಮನ ಬೆರಳು, ಪಕ್ಕದ ಮಂಚದ ಕಾಯಿಲೆಯವನು ಬೀಡಿ ಹಿಡಿಯುವ ಬೆರಳು. ಮೂರನೆಯ ವಾರ ಮಹಾರಾಜರ ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರು ಬಂದು ಮಂಚದ ಪಕ್ಕ ಕುಳಿತು, ಮುಚ್ಚಳ ತೆಗೆದವರು ಯಾರು ಎಂದು ಕೇಳಿದರು.

"ಮಾದಪ್ಪ," ಅಂದೆ. "ಪೂಜೆ ಅವುಂದೇ ಅಲ್ವಾ ಸ್ವಾಮಿ. ಆಕ್ದೋನೇ ಮಾರ್ನೆ ದಿನ ಬಿಚ್ದ."

ಅವರು ಬರೆದುಕೊಂಡು ಹೋದರು. ಅವತ್ತು ನನಗೆ ಚೆನ್ನಾಗಿ ನಿದ್ದೆ ಬಂತು.

ಮಾದಪ್ಪ ಮಾತ್ರ ಭಾನುವಾರ ಭಾನುವಾರ ಬರುವುದನ್ನು ಬಿಡಲಿಲ್ಲ. ಗಂಟು ಬಿಚ್ಚಿ, ಮುದ್ದೆ ಮುರಿದು, ಉಪ್ಪೆಸರಲ್ಲಿ ಅದ್ದಿ ನನ್ನ ಬಾಯಿಗಿಡುತ್ತಿದ್ದ. ಆ ಬೆರಳುಗಳನ್ನು ಕಚ್ಚಿಬಿಡಬೇಕು ಅನ್ನಿಸುತ್ತಿತ್ತು. ನುಂಗುತ್ತಿದ್ದೆ. ಒಂದು ಭಾನುವಾರ ಅವನ ಅಂಗೈ ತುಂಬ ಬೊಬ್ಬೆ ಎದ್ದಿರುವುದು ಕಂಡಿತು. ಮರ ಕುಯ್ಯುವವನಿಗೆ ಅಂಥ ಬೊಬ್ಬೆ ಬರುವುದಿಲ್ಲ. ಅವನು ನೀರು ತರಲು ಹೋದಾಗ, ಜೊತೆಗೆ ಬಂದಿದ್ದ ಕೆಂಪಮ್ಮನನ್ನು ಕೇಳಿದೆ.

"ನಿಮ್ಗೆ ಗೊತ್ತಿಲ್ವಾ? ಮಿಲ್ನಿಂದ ಆಚೆಗಾಕವ್ರೆ. ಕೆರೆ ಊಳೆತ್ತಕ್ಕೋಯ್ತಾವ್ನೆ," ಅಂದಳು. "ನಾನಲ್ಲ ಅಂತ ಯೋಳ್ಬಾರ್ದಾ ಅಂತ ಕೇಳ್ದೆ. ಬೆರಳು ಕಳ್ಕಂಡೋನ ಮಾತಿಗೆ ಏನಂತ ಎದ್ರಾಡ್ಲಿ ಅತ್ತಿಗೆ ಅಂದ."

ನನಗೆ ಅಳು ಬಂತು. ಅದರಲ್ಲೂ ಹೊಟ್ಟೆಕಿಚ್ಚಿತ್ತು: ಒಳ್ಳೆಯತನದಲ್ಲಿಯೂ ಇವನೇ ಮೇಲಾದನಲ್ಲ ಎಂದು.

ಡಿಸ್ಚಾರ್ಜ್ ಆದ ದಿನ ಮನೆಗೆ ಹೋಗಲಿಲ್ಲ. ಹುಣಸೂರಿನಲ್ಲಿ ಬಸ್ಸಿಳಿದು ನೇರ ಮಿಲ್ಲಿಗೆ ಹೋಗಿ, ಎಲ್ಲರ ಎದುರಿಗೆ ಯಜಮಾನರಿಗೆ ಹೇಳಿದೆ. "ಮಾದಪ್ಪ ಆಕಿದ್ದ ಮುಚ್ಳವ ಬಿಚ್ದೋನು ನಾನು ಬುದ್ಧಿ. ಇನ್‌ಸ್ಪೆಕ್ಟ್ರಿಗೆ ಸುಳ್ಳೇಳ್ದೆ."

ಯಜಮಾನರು ನನ್ನ ಕೈಯನ್ನು ನೋಡಿದರು. "ಈ ಬಾಗಿಲಿಗೆ ಕಾಲಿಡಬೇಡ," ಅಂದರು. ಅವತ್ತೇ ಮಾದಪ್ಪನಿಗೆ ಹೇಳಿಕಳಿಸಿದರು.

ಅವನು ಕೆಲಸಕ್ಕೆ ಹೋದ. ಹೋದವನು ಒಂದು ಷರತ್ತು ಹಾಕಿದನಂತೆ, ನಾನೂ ಮಿಲ್ಲಿನಲ್ಲಿರಬೇಕೆಂದು. ಮೂರು ಬೆರಳಿಲ್ಲದವನಿಗೆ ಏನು ಕೆಲಸ ಎಂದು ಯಜಮಾನರು ಕೇಳಿದ್ದಕ್ಕೆ, ಅದನ್ನೂ ಅವನೇ ಯೋಚಿಸಿ ಇಟ್ಟಿದ್ದ. ಈಗ ದಿನಾ ಬೆಳಿಗ್ಗೆ ಎಂಜಿನ್ ಶುರುವಾಗುವ ಮೊದಲು ನಾನು ಬೆಂಚಿನಿಂದ ಬೆಂಚಿಗೆ ಹೋಗಿ ಮುಚ್ಚಳಗಳನ್ನು ಅಲುಗಾಡಿಸಿ ನೋಡುತ್ತೇನೆ. ಸಿಬಿರನ್ನು ಕೋಲಿನಿಂದ ತಳ್ಳಬೇಕೆಂದು ಹೊಸಬರಿಗೆ ಕಲಿಸುತ್ತೇನೆ. ಗಾಯವಾದರೆ ತೊಳೆದ ಬಟ್ಟೆ ಕಟ್ಟಿಕೊಂಡು ಆಸ್ಪತ್ರೆಗೆ ಓಡಿ ಅನ್ನುತ್ತೇನೆ. ಯಾರಾದರೂ ನಕ್ಕರೆ ಬಲಗೈ ಎತ್ತಿ ತೋರಿಸುತ್ತೇನೆ.

ಹೊಟ್ಟೆಕಿಚ್ಚು ಹೋಗಿದೆಯೇ? ಇಲ್ಲ. ಅವನು ದಿಮ್ಮಿ ತಿರುಗಿಸುವುದನ್ನು ಕಂಡರೆ ಈಗಲೂ ಎದೆಯೊಳಗೆ ಚುಳ್ಳೆನ್ನುತ್ತದೆ. ಅವನು ಕೊಡಿಸಿದ ಕೆಲಸದ ಅನ್ನ ಉಣ್ಣುತ್ತಿದ್ದೇನಲ್ಲ ಎಂಬ ಸಂಕಟವೂ ಇದೆ. ಆದರೆ ಮಿಲ್ಲಿನಲ್ಲಿ ಎಲ್ಲರೂ ತಮ್ಮ ಗರಗಸಕ್ಕೆ ಬೆಲ್ಟು ಏರಿಸಿಕೊಂಡ ಮೇಲೂ ಅವನು ಏರಿಸದೆ ನನಗಾಗಿ ಕಾದು ನಿಂತಿರುತ್ತಾನೆ.

"ನೋಡ್ದಾ ಅಣ್ಣಯ್ಯ?" ಅನ್ನುತ್ತಾನೆ.

ನಾನು ಹತ್ತಿರ ಹೋಗಿ ಮುಚ್ಚಳವನ್ನು ಎರಡು ಸಲ ಅಲುಗಾಡಿಸುತ್ತೇನೆ. ಬೇರೆಯವರದ್ದನ್ನು ಒಂದೇ ಸಲ.

"ನೋಡ್ದೆ. ಓಡ್ಸು."