ಸೆರಗಿನಾಚೆಯ ದೀಪ

"ಇಷ್ಟು ಓದಿದರೂ ಹುಡುಗಿಗೆ ಎಂಥ ನಾಚಿಕೆ ನೋಡಿ ಮಾರಾಯ್ರೆ!" ಹೆಣ್ಣು ನೋಡಲು ವೇಣೂರಿನಿಂದ ಮೂಡಬಿದಿರೆಯ ನಮ್ಮ ಮನೆಗೆ ಬಂದಿದ್ದ ಹುಡುಗನ ತಾಯಿ ಮೆಚ್ಚಿ ನುಡಿದರು. ನಾನು ತೆಳು ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದಿದ್ದೆ ನಿಜ. ಆದರೆ ನೋಡುತ್ತಿದ್ದದ್ದು ಅಂಗಳದಾಚೆಯ ಹಣತೆಯನ್ನು. ಲೇಸರ್ ಆಗಷ್ಟೇ ಬಂದಿದ್ದ ಕಾಲ, ಎಂ.ಎಸ್ಸಿ.ಯಲ್ಲಿ ನನ್ನ ವಿಷಯವೂ ಬೆಳಕೇ. ನೂಲಿನ ಸಂದಿಗಳಲ್ಲಿ ಹಾದ ಬೆಳಕು ಹರಡಿ, ಒಂದೇ ದೀಪ ಬಣ್ಣಬಣ್ಣದ ಚುಕ್ಕಿಗಳಾಗಿ ಕಾಣುತ್ತಿತ್ತು. ಸೆರಗು ತಿರುಗಿಸಿದರೆ ಚುಕ್ಕಿಗಳೂ ತಿರುಗುತ್ತಿದ್ದವು.

ಹುಡುಗ ಅದನ್ನು ಗಮನಿಸಿದರು. ಮೆಲ್ಲಗೆ ಕರವಸ್ತ್ರ ತೆಗೆದು ತಾವೂ ಕಣ್ಣಿಗೆ ಹಿಡಿದರು.

"ಹೌದಲ್ಲ, ಬಣ್ಣ ಉಂಟು!"

ಇಂಥ ನಾಚಿಕೆಯ ಸೊಸೆ ಊರಲ್ಲೇ ಇಲ್ಲವೆಂದು ಅತ್ತೆ ಬದುಕಿದ್ದಷ್ಟು ಕಾಲವೂ ಬಂದವರಿಗೆಲ್ಲ ಹೇಳುತ್ತಿದ್ದರು. ಆಗೆಲ್ಲ ಅವರ ಮಗ ನಗು ತಡೆಯಲಾರದೆ ಕರವಸ್ತ್ರದಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು.